ಕಸಬಾ ಪೇಟೆಯ ವಾಡೆ

ನಮ್ಮ ಧಾರವಾಡದ ಕಡೆ ವಾಡೆ ಎಂದರೆ ದೇಸಾಯರ ಮನೆ. ಪುಣೆಯಲ್ಲಿ ಪೇಶವೆಗಳ ಕಾಲದ ಎಷ್ಟೋ ವಾಡೆಗಳು ಮುಂದೆ ಬಾಡಿಗೆ ಸಂಸಾರಗಳಿಂದ ತುಂಬಿದವು. ಕಾಯ್ದೆಯಿಂದಾಗಿ ಬಾಡಿಗೆ ಏರಲಿಲ್ಲ, ರಿಪೇರಿ ನಡೆಯಲಿಲ್ಲ. ಕೆಲವು ಕುಸಿದವು, ಹಲವು ಅಪಾರ್ಟ್‌ಮೆಂಟಾದವು.

ಊರಿನ ಅತಿ ಹಳೆಯ ಕಸಬಾ ಪೇಟೆಯಲ್ಲಿ ಉಳಿದ ಒಂದು ವಾಡೆ ಈಗ ದುರಸ್ತಿಯಾಗಿ ಮಾರಾಟಕ್ಕಿದೆ. ತೇಗದ ಕಂಬಗಳಿಗೆ ಪಾಲಿಶ್, ನಡುವಿನ ಚೌಕದಲ್ಲಿ ತುಳಸಿ. ಇಎಂಐ ಲೆಕ್ಕವೂ ಹೇಗೋ ಕೂಡಿಬಂತು. ‘ಮೊದಲು ಒಂಬತ್ತು ಸಂಸಾರ ಇದ್ದವು, ಈಗ ಪೂರ್ತಿ ಖಾಲಿ’ ಎಂದ ಏಜೆಂಟ್, ಅದೂ ಒಂದು ಸೌಲಭ್ಯ ಎಂಬಂತೆ.

ಕಂಬ ಉಳಿಸಲು ಬಡಗಿಗಳು ಸಿಕ್ಕಿದರು. ಆ ಒಂಬತ್ತು ಮನೆಯವರು ಎಲ್ಲಿಗೆ ಹೋದರೋ, ಅವನಿಗೂ ಗೊತ್ತಿಲ್ಲ.

‘ಇಷ್ಟ ದೊಡ್ಡ ಅಂಗಳದಾಗ ನಾವು ಮೂರ ಮಂದಿ ಏನ್ ಮಾಡೋಣ್ರೀ?’ ಎಂದಳು ಹೆಂಡತಿ.

ಭಾನುವಾರ ಟೋಕನ್ ಕೊಡಬೇಕು. ಉತ್ತರ ಇನ್ನೂ ಹೊಳೆದಿಲ್ಲ.