ಚೀಟಿಯ ಮೇಲಿನ ಮುದ್ರೆ

ಕಳೆದ ತಿಂಗಳು ಮಗಳನ್ನು ಸೇರಿಸಲೆಂದು, ನಾವೇ ಹಿಂದೆ ಓದಿದ ಕಾಸರಗೋಡು ಸೀಮೆಯ ಕಾಲೇಜಿಗೆ ಹೋಗಿದ್ದೆವು. ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳನ್ನು ಕಟ್ಟುಕಟ್ಟಿ ಉಗ್ರಾಣಕ್ಕೆ ಸಾಗಿಸುತ್ತಿದ್ದರು. “ಕೇಳುವವರೇ ಇಲ್ಲ, ಸ್ಥಳವಾದರೂ ಒದಗಲಿ” ಎಂದರು ಗ್ರಂಥಪಾಲರು. ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ. ಪದವಿ ಪಡೆದ ಮೇಲೆ ನಾವು ಅತ್ತ ಸುಳಿದವರೇ ಅಲ್ಲ.

ಮೇಲಿನ ಕಟ್ಟಿನಲ್ಲಿ ಗೋವಿಂದ ಪೈಯವರ ‘ಗೊಲ್ಗೊಥಾ’ ಇತ್ತು. 1956ರಲ್ಲಿ ಈ ಸೀಮೆ ಕೇರಳಕ್ಕೆ ಸೇರಿದುದನ್ನು ಕಣ್ಣಾರೆ ಕಂಡ ಮಂಜೇಶ್ವರದ ಕವಿ ಅವರು. ಚೀಟಿಯಲ್ಲಿ ಕೊನೆಯ ಮುದ್ರೆ 1991ರದು. ಪಕ್ಕದಲ್ಲಿ ನಮ್ಮದೇ ಕ್ರಮಸಂಖ್ಯೆ!

ಶಾಲೆಯಲ್ಲಿ ಮಲಯಾಳ ಕಲಿತ ಮಗಳು ಪುಸ್ತಕದ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. “ಇದನ್ನು ನನಗೆ ಕೊಡಿ, ಸಾರ್” ಎಂದಳು. ಕಾರ್ಡು ಇನ್ನೂ ಸಿದ್ಧವಾಗಿರಲಿಲ್ಲ. ನಮ್ಮ ಹೊಣೆಯ ಮೇಲೆ ಕೊಟ್ಟರು. ನಮ್ಮ ಸಂಖ್ಯೆಯ ಕೆಳಗೆ ಅವಳ ಹೆಸರು ಬಿತ್ತು. ಉಳಿದ ಕಟ್ಟುಗಳು ಉಗ್ರಾಣಕ್ಕೆ ಹೊರಟವು.