ಜೀರ್ಣೋದ್ಧಾರದ ಲೆಕ್ಕ

‘ಹಳೇ ಗಾಡಿ ಮೇಲೆ ನಿಮಗೆಷ್ಟು ಪ್ರೀತಿ!’ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ನಗುತ್ತೇನೆ. ನಿಜ ಹೇಳಿದರೆ ಹೊಗಳಿಕೆ ಕೈತಪ್ಪುತ್ತದೆ. ನನ್ನ ಮಾರುತಿ 800ಕ್ಕೆ ಸೀಟ್ ಕವರ್ ಹೊಲಿಸುವಾಗ, ಸ್ಟೀರಿಯೊ ಹಾಕಿಸುವಾಗ ಕೈ ಧಾರಾಳ. ಕಿಟಕಿಯ ಬೀಡಿಂಗ್ ವಿಷಯ ಬಂದಾಗ ಮಾತ್ರ ‘ಮುಂದಿನ ಮಳೆಗಾಲಕ್ಕೆ ನೋಡೋಣ’ ಎನ್ನುತ್ತೇನೆ. ಹತ್ತಿ ಕೂತವರ ಕಣ್ಣಿಗೆ ಬೀಳುವುದಕ್ಕೆ ದುಡ್ಡು, ಬೀಳದ್ದಕ್ಕೆ ಚೌಕಾಸಿ.

ಬಾಗಿಲಿನ ಹೊರಮೈಯಲ್ಲಿ, ಗಾಜು ಇಳಿಯುವ ಸಂದಿಯ ಉದ್ದಕ್ಕೂ ಇರುವ ಕಪ್ಪು ಪಟ್ಟಿಯೇ ಈ ಬೀಡಿಂಗ್. ವರ್ಷಗಟ್ಟಲೆ ಬಿಸಿಲು ತಿಂದ ರಬ್ಬರು ಗಡುಸಾಗಿ, ಕುಗ್ಗಿ, ಸೀಳುತ್ತದೆ. ಅದರಡಿ ಕೂತ ಧೂಳು ಗಾಜು ಏರಿಳಿದಾಗಲೆಲ್ಲ ಗೀರು ಎಳೆಯುತ್ತದೆ. ಮಳೆ ಹಿಡಿದರೆ ನೀರು ಬಾಗಿಲೊಳಗೆ ಇಳಿಯುತ್ತದೆ. ಹೊಸ ಬೀಡಿಂಗ್ ಇದ್ದರೂ ಒಂದಿಷ್ಟು ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ಧೂಳು ಕೆಸರಾಗಿ ಆ ತೂತು ಕಟ್ಟಿಕೊಂಡರೆ ತಗಡಿಗೆ ಒಳಗಿನಿಂದ ತುಕ್ಕು. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡು ತಿಂದುಹೋಗಿರುತ್ತದೆ. ಆಮೇಲೆ ಟಿಂಕರಿಂಗ್ ಖರ್ಚು.

ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಗಾಜು ಪೂರ್ತಿ ಇಳಿಸಿ, ಬಾಗಿಲಂಚಿಗೆ ಟೇಪು ಅಂಟಿಸಿ, ಹಳೇ ಪಟ್ಟಿಯನ್ನು ಒಂದು ತುದಿಯಿಂದ ಪ್ಲಾಸ್ಟಿಕ್ ತುಂಡಿನಲ್ಲಿ ಮೆಲ್ಲಗೆ ಮೀಟುತ್ತ ಬರಬೇಕು. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಕೆತ್ತಿ ಹೊಸ ತುಕ್ಕಿಗೆ ದಾರಿಯಾಗುತ್ತದೆ. ಅಂಚು ಒರೆಸಿ, ತಳದ ತೂತು ಬಿಡಿಸಿ, ಹೊಸದನ್ನು ಹೆಬ್ಬೆರಳಲ್ಲಿ ಒತ್ತುತ್ತ ಕೂರಿಸಬೇಕು. ಕೊನೆಗೊಮ್ಮೆ, ಕೂಲಿ ಉಳಿಯಲೆಂದು ನಾನೇ ಮಾಡಿದೆ. ಮಾಡಿದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಜಿಪುಣತನವನ್ನೂ ಜಂಬವನ್ನೂ ಕಳೆದರೆ ಪ್ರೀತಿಗೆ ಉಳಿಯುವ ಪಾಲು ಚಿಕ್ಕದು.

ದುರಸ್ತಿಯ ಲೆಕ್ಕವನ್ನು ಮೊದಲೇ ಇಟ್ಟವರು ನಮ್ಮೂರಲ್ಲೇ ಇದ್ದರು. ನಮ್ಮ ಊರು ಬಂದಳಿಕೆ ಒಂದು ಕಾಲಕ್ಕೆ ‘ನಾಗರಖಂಡ 70’ ಎಂಬ ನಾಡಿನ ಮುಖ್ಯ ಊರು. ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿಗಳು ಇಂದಿಗೂ ನಿಂತಿವೆ. ಆ ಕಾಲದ ದಾನಶಾಸನಗಳಲ್ಲಿ ಪೂಜೆಗೂ ಅನ್ನದಾನಕ್ಕೂ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ, ಅಂದರೆ ಒಡೆದು ಬಿರುಕು ಬಿಟ್ಟದ್ದರ ದುರಸ್ತಿಗೂ, ಸೇರಿಸಿಯೇ ಬಿಡುವುದು ರೂಢಿ. ಕಲ್ಲೂ ಬಿರುಕು ಬಿಡುತ್ತದೆಂದು ಕೊಟ್ಟವರಿಗೆ ಗೊತ್ತಿತ್ತು. ನನ್ನ ಲೆಕ್ಕದ ಪುಸ್ತಕದಲ್ಲಿ ಪೆಟ್ರೋಲ್ ಇದೆ, ವಿಮೆ ಇದೆ. ಸವೆತಕ್ಕೆಂದು ಬರೆದ ಒಂದು ಸಾಲೂ ಇಲ್ಲ. ಪ್ರತಿ ರಿಪೇರಿಯೂ ನನಗೆ ದಂಡ ತೆತ್ತ ಹಾಗೆ ಅನಿಸುವುದು ಅದಕ್ಕೇ.

ಇದೇ ಊರಿನ ಒಂದು ಶಾಸನ ನನ್ನನ್ನು ಹೆಚ್ಚು ಕೆಣಕುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ನಾಗರಖಂಡದ ಆಡಳಿತ ವಹಿಸಿಕೊಂಡಳು. ರೋಗ ಬಂದಾಗ ಆಡಳಿತವನ್ನು ಮಗಳಿಗೆ ಒಪ್ಪಿಸಿ, ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಆಕೆಯ ಎದುರು ನನ್ನ ತಗಡಿನ ಗಾಡಿಯ ಮಾತು ಎತ್ತುವುದೇ ಸಣ್ಣತನ. ಆದರೂ ಕೇಳಿಕೊಳ್ಳುತ್ತೇನೆ: ನಾನು ಕಾಪಾಡುತ್ತಿದ್ದೇನೋ, ಬಿಡಲಾರದೆ ಹಿಡಿದುಕೊಂಡಿದ್ದೇನೋ? ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ‘ಇನ್ನೂ ಇಟ್ಟುಕೊಳ್ಳುತ್ತೀಯಾ?’ ಎಂದು ಆರ್‌ಟಿಒ ಕಚೇರಿ ಕೇಳುವ ಹೊತ್ತಿಗಾದರೂ ನನ್ನ ಬಳಿ ಉತ್ತರ ಇರಬೇಕಲ್ಲ.

ಈಗ ನಾನು ಹಾಕಿಕೊಂಡ ಗೆರೆ ಇಷ್ಟು: ರಬ್ಬರು ಹೋದರೆ ಬದಲಿಸುವುದು, ಬಾಡಿಯ ತಳಕ್ಕೇ ತುಕ್ಕು ಹತ್ತಿದರೆ ಗುಜರಿಗೆ ಕೊಡುವುದು. ಹಳೇ ಗಾಡಿ ಇಟ್ಟುಕೊಂಡವರೇ, ಪ್ರೀತಿ ಎಷ್ಟಿದೆ ಎಂಬ ವಿಚಾರಣೆ ಆಮೇಲೆ ನಡೆಯಲಿ. ಜೂನ್ ಬರುವ ಮೊದಲು ಬೀಡಿಂಗ್ ಬದಲಿಸಿ, ಬಾಗಿಲಿನ ತಳದ ತೂತು ಬಿಡಿಸಿ, ಸವೆತದ ಬಾಬ್ತಿಗೆ ತಿಂಗಳಿಗಿಷ್ಟು ಎಂದು ತೆಗೆದಿಡಿ.