ಎರಡು ಕಂಪ್ಯೂಟರಿನ ಮೀನುಗಳು

ನನ್ನ ಪಿಎಚ್.ಡಿ.ಯ ಮೂರನೇ ಅಧ್ಯಾಯದ ತುಂಬ ಮೀನುಗಳು. ಎಲ್ಲವೂ ಸಿ ಭಾಷೆಯ ಪ್ರೋಗ್ರಾಮಿನೊಳಗೆ ಹುಟ್ಟಿ ಸಾಯುವಂಥವು. ವಿಲಿಯಂ ರಿಕರ್ 1954ರಲ್ಲಿ ಕೊಟ್ಟ ಪುಟ್ಟ ಸಮೀಕರಣವೊಂದು ಈ ತಲೆಮಾರಿನ ಮೀನುಗಳಿಂದ ಮುಂದಿನ ತಲೆಮಾರನ್ನು ಲೆಕ್ಕ ಹಾಕುತ್ತದೆ. ಸಂಖ್ಯೆ ನಾನು ಹಾಕಿಕೊಂಡ ಮಿತಿಗಿಂತ ಕೆಳಗಿಳಿದರೆ ಸಂತತಿ ಅಳಿಯಿತೆಂದು ಅರ್ಥ. ಇದಕ್ಕೆ ಬೇಕಾದದ್ದು ಎಕ್ಸ್‌ಪ್ ಎಂಬ ಒಂದೇ ಗಣಿತದ ಫಂಕ್ಷನ್.

ಮೊದಲ ದಿನ ಲಿಂಕ್ ಮಾಡುವಾಗ 'ಎಕ್ಸ್‌ಪ್ ಯಾರೋ ಗೊತ್ತಿಲ್ಲ' ಎಂಬಂಥ ದೂರು ಬಂತು. ಸೀನಿಯರ್ ಒಬ್ಬರು ಕಮಾಂಡಿನ ಕೊನೆಗೆ 'ಮೈನಸ್ ಎಲ್‌ಎಂ' ಸೇರಿಸಿ ಹೋದರು. ಏನದು ಅಂತ ನಾನೂ ಕೇಳಲಿಲ್ಲ. ಮೂರು ವರ್ಷ ಮಂತ್ರದ ಹಾಗೆ ಬರೆದೆ.

ಅರ್ಥವಾದದ್ದು ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಿಂದ ವಿಭಾಗದ ಹಳೇ ಸರ್ವರಿಗೆ ಒಯ್ದಾಗ. 'ಜಿಲಿಬ್‌ಸಿ 2.29 ಸಿಗಲಿಲ್ಲ' ಎಂದು ಅದು ಓಡಲೇ ಇಲ್ಲ. ನೋಡಿದರೆ, ಎಕ್ಸ್‌ಪ್ ನನ್ನ ಪ್ರೋಗ್ರಾಮಿನೊಳಗೆ ಯಾವತ್ತೂ ಇರಲೇ ಇಲ್ಲ! ಲಿಂಕರ್ ಬರೀ ಚೀಟಿ ಬರೆದಿಟ್ಟಿತ್ತು: ಓಡುವ ಹೊತ್ತಿಗೆ ಲಿಬ್‌ಎಂ ಎಂಬ ಹಂಚಿಕೆಯ ಲೈಬ್ರರಿಯಿಂದ ಇಸಿದುಕೊಳ್ಳಿ, ಅದೂ ಇಂಥದೇ ಆವೃತ್ತಿಯದು. ಸರ್ವರಿನಲ್ಲಿದ್ದದ್ದು 2.17. ಸರಿ, ಅಲ್ಲೇ ಮತ್ತೆ ಕಂಪೈಲ್ ಮಾಡಿದೆ. ಓಡಿತು.

ಆದರೆ ಲ್ಯಾಪ್‌ಟಾಪಿನಲ್ಲಿ 163ನೇ ತಲೆಮಾರಿಗೆ ಅಳಿದಿದ್ದ ಮೀನುಗಳು ಇಲ್ಲಿ ಹಾಯಾಗಿ ಈಜುತ್ತಿದ್ದವು.

ಕೋಡ್ ಅದೇ, ಆರಂಭದ ಸಂಖ್ಯೆ ಅದೇ. ಎರಡು ರಾತ್ರಿ ನನ್ನದೇ ತಪ್ಪೆಂದು ಹುಡುಕಿದೆ. ಕೊನೆಗೆ ಪ್ರತಿ ಹೆಜ್ಜೆಯನ್ನೂ 17 ಅಂಕಿಗಳವರೆಗೆ ಪ್ರಿಂಟ್ ಮಾಡಿಸಿದೆ. ಒಂದು ಕಡೆ ಎಕ್ಸ್‌ಪ್‌ಗೆ ಕೊಟ್ಟ ಸಂಖ್ಯೆ ಎರಡರಲ್ಲೂ ಒಂದೇ, ಬಂದ ಉತ್ತರದ ಕಟ್ಟಕಡೆಯ ಅಂಕಿ ಮಾತ್ರ ಬೇರೆ. 2018ರಲ್ಲಿ ಬಂದ 2.28ನೇ ಆವೃತ್ತಿಯಲ್ಲಿ ಎಕ್ಸ್‌ಪ್ ಅನ್ನು ವೇಗಕ್ಕಾಗಿ ಹೊಸದಾಗಿ ಬರೆದಿದ್ದಾರೆ. ಎರಡೂ ಕಡೆ ಫೈಲಿನ ಹೆಸರು ಮಾತ್ರ ಲಿಬ್‌ಎಂ.ಎಸ್‌ಒ.6. ಸೇರು ಅನ್ನುವ ಹೆಸರೊಂದೇ, ಅಳತೆ ಊರಿಗೊಂದು ಇತ್ತಲ್ಲ, ಹಾಗೆ. ಇಲ್ಲಿನ ವ್ಯತ್ಯಾಸ ಒಂದು ಕಾಳಿನಷ್ಟೂ ಇಲ್ಲ, ನಿಜ. ಆದರೆ ನನ್ನ ಸಮೀಕರಣ ಇದ್ದದ್ದು ಕೇಯಾಸ್ ವಲಯದಲ್ಲಿ. ಅಲ್ಲಿ ಕೊನೆಯ ಅಂಕಿಯ ತಕರಾರು ತಲೆಮಾರು ಕಳೆದಂತೆ ಮೊದಲ ಅಂಕಿಗೇ ಬಂದು ಕೂರುತ್ತದೆ.

ಲೈಬ್ರರಿಯ ಮೇಲೆ ಸಿಟ್ಟು ಬರಲಿಲ್ಲ. ಆ ಒಂದೇ ಓಟದ ಸಾವಿಗೆ ನಾನು 11 ಪುಟ ಕಾರಣ ಬರೆದಿದ್ದೆ, ಸೆಮಿನಾರಿನಲ್ಲಿ ಚಪ್ಪಾಳೆಯನ್ನೂ ತಗೊಂಡಿದ್ದೆ. ನಾಚಿಕೆಯಾದದ್ದು ಅದಕ್ಕೆ.

ಹೇಳದೆ ಇರಬಹುದಿತ್ತು. ಒಂದು ವಾರ ಹೇಳಲೂ ಇಲ್ಲ. ಆಮೇಲೆ ಗೈಡ್ ಮೇಡಂ ಎದುರು ಎರಡೂ ಗ್ರಾಫ್ ಇಟ್ಟೆ. ತುಂಬ ಹೊತ್ತು ನೋಡಿ, "ಹಾಗಾದ್ರೆ ಇವು ಸತ್ತದ್ದು ನಿನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಅನ್ನು" ಅಂದರು.

11 ಪುಟ ತೆಗೆದೆ. ಈಗ 10,000 ಬೇರೆ ಬೇರೆ ಆರಂಭಗಳಿಂದ ಎರಡೂ ಯಂತ್ರಗಳಲ್ಲಿ ಓಡಿಸುತ್ತಿದ್ದೇನೆ. ಯಾವ ಓಟದಲ್ಲಿ ಅಳಿಯುತ್ತವೆ ಅನ್ನುವುದರಲ್ಲಿ ಅವು ಈಗಲೂ ಜಗಳವಾಡುತ್ತವೆ. ಎಷ್ಟು ಓಟಗಳಲ್ಲಿ ಅನ್ನುವುದು ಮಾತ್ರ, ಇಲ್ಲಿಯವರೆಗೆ, ಹೆಚ್ಚುಕಡಿಮೆ ಒಂದೇ ಬರುತ್ತಿದೆ.